ತೊಳೆದವರ ಹೆಸರು

"ನೀನು ಹೊರಗಿರು" ಎನ್ನುತ್ತ ಕರುಣಾವತಿ ಮಗಳ ಕೈಯಿಂದ ಬಿಸಿನೀರಿನ ಬಕೆಟ್ಟು ಕಸಿದುಕೊಳ್ಳಲು ಹೋದಳು. ನೀರು ತುಳುಕಿ ಇಬ್ಬರ ಬಟ್ಟೆಯೂ ನೆನೆಯಿತು.

ಚೇತನಾ ಹಿಡಿ ಬಿಡಲಿಲ್ಲ. "ದೊಡ್ಡಮ್ಮಂಗೆ ನಾನೇ ಸ್ನಾನ ಮಾಡಿಸ್ತೀನಿ. ಹಾಸಿಗೆ ಹಿಡಿದಾಗಿಂದ ನಾನೇ ತಾನೇ ಮಾಡಿಸ್ತಿದ್ದಿದ್ದು?"

"ಒಡಹುಟ್ಟಿದೋಳು ನಾನು. ಇದು ನನ್ ಕೆಲಸ."

"ಆಗ ಎಲ್ಲಿಗೆ ಹೋಗಿದ್ರಿ ನೀವು?"

ನೀವು. ಕರುಣಾವತಿಗೆ ಚುಚ್ಚಿದ್ದು ಪ್ರಶ್ನೆಯಲ್ಲ, ಆ ಪದ. ಹೆತ್ತ ತಾಯಿಗೆ ನೀವು; ಒಳಕೋಣೆಯಲ್ಲಿ ಹೆಣವಾಗಿ ಮಲಗಿರುವ ಜ್ಞಾನಮ್ಮನಿಗೆ ಮಾತ್ರ ಈ ಹುಡುಗಿ ಯಾವತ್ತೂ ನೀನು ಎಂದೇ ಅನ್ನುತ್ತಿದ್ದಳು.

ಬಿನ್ನಿಪೇಟೆಯ ಆ ವಠಾರದಲ್ಲಿ ಬೆಳಗಿನಿಂದಲೂ ಹೀಗೆಯೇ. ಕರುಣಾವತಿ ಕೆಂಗೇರಿಯಿಂದ ಬಸ್ಸು ಹಿಡಿದು ಬಂದು ಇಳಿದಾಗ, ಪಕ್ಕದ ಮನೆಯ ಕಮಲಾಕ್ಷಮ್ಮ ಚೇತನಾಳನ್ನು ತಬ್ಬಿಕೊಂಡು, "ತಾಯಿನ ಕಳ್ಕೊಂಡ್ಯಲ್ಲೇ ಮಗಳೇ" ಎಂದು ಅಳುತ್ತಿದ್ದಳು. ತಾಯಿ ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದಳು. ಬಂದವರೆಲ್ಲ ಚೇತನಾಳ ಕೈ ಹಿಡಿದರು. ಕರುಣಾವತಿಗೆ, "ನೀವು ಊರಿನ ಕಡೆಯೋರಾ?" ಎಂದು ಯಾರೋ ಕೇಳಿದರು.

ಗಲಾಟೆ ಕೇಳಿ ಚರ್ಚಿನ ಅಯ್ಯನವರು ಒಳಗೆ ಬಂದರು. ಇಬ್ಬರ ಮುಖವನ್ನೂ ನೋಡಿದರು.

"ತಬಿಥ ಅನ್ನೋ ಹೆಂಗಸು ಸತ್ತಾಗ, ಮೈ ತೊಳೆದು ಮಹಡಿ ಕೋಣೇಲಿ ಮಲಗಿಸಿದ್ರು ಅಂತ ಬೈಬಲ್ಲಲ್ಲಿದೆ. ಯಾರು ತೊಳೆದ್ರು ಅಂತ ಹೆಸರಿಲ್ಲಮ್ಮ. ಇಬ್ರೂ ಹೋಗಿ ತೊಳೀರಿ."

ಹೆಸರಿಲ್ಲದೆ ತೊಳೆಯುವುದು ಕರುಣಾವತಿಗೆ ಬೇಕಿರಲಿಲ್ಲ. ತಂಗಿಯೇ ತೊಳೆದಳು, ಮಗಳನ್ನು ಹತ್ತಿರ ಬಿಡಲಿಲ್ಲ ಎಂದು ಇಡೀ ವಠಾರ ಹೇಳಬೇಕಿತ್ತು. ಆದರೂ ಬಾಗಿಲು ಹಾಕಿಕೊಂಡಳು.

*

ಚೇತನಾ ಹುಟ್ಟಿ ಮೂರು ತಿಂಗಳಾಗಿತ್ತು. ಕರುಣಾವತಿ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡಿತು. ಕೂಸನ್ನು ಹತ್ತಿರ ಸೇರಿಸಬಾರದೆಂದು ಡಾಕ್ಟರು ಹೇಳಿದರು. ಮದುವೆಯಾಗದೆ ಉಳಿದಿದ್ದ ಅಕ್ಕ ಜ್ಞಾನಮ್ಮ ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸಕ್ಕೆ ರಜೆ ಹಾಕಿ ಬಂದು, ಸೆರಗಿನಲ್ಲಿ ಸುತ್ತಿ ಕೂಸನ್ನು ಒಯ್ದಳು.

ಕ್ಷಯರೋಗಿಗಳ ಸ್ಯಾನಟೋರಿಯಂನಲ್ಲಿ ಎರಡು ವರ್ಷ ಕಳೆಯಿತು. ಭಾನುವಾರ ಆರಾಧನೆ ಮುಗಿಸಿಕೊಂಡು ಅಕ್ಕ ಬರುತ್ತಿದ್ದಳು. ಬೇಲಿಯಾಚೆ ನಿಂತು ಮಗುವನ್ನು ಎತ್ತಿ ತೋರಿಸುತ್ತಿದ್ದಳು. ಕಿಟಕಿಯಲ್ಲಿದ್ದ ಕರುಣಾವತಿ ಕೈ ಬೀಸಿದರೆ, ಮಗು ಅಕ್ಕನ ಕುತ್ತಿಗೆಯಲ್ಲಿ ಮುಖ ಹುದುಗಿಸುತ್ತಿತ್ತು.

ಗುಣವಾಗಿ ಬಂದವಳು ಮಗುವನ್ನು ಕರೆದುಕೊಂಡು ಹೋದಳು. ಅದು ಊಟ ಬಿಟ್ಟಿತು, ಜ್ವರ ಬಂತು. ವಾರ ಕಳೆಯುವುದರೊಳಗೆ ಗಂಡನೇ ಅದನ್ನು ಬಿನ್ನಿಪೇಟೆಗೆ ಬಿಟ್ಟುಬಂದ. ಆಮೇಲೆ ಎಷ್ಟು ಸಲ ಕರೆತಂದರೂ ಅಷ್ಟೇ. ಕೊನೆಗೆ ಶಾಲೆಗೆ ಸೇರಿಸಿದ್ದೂ ಅಲ್ಲೇ.

*

ಚೇತನಾ ಶಾಲೆಗೆ ಹೋಗುತ್ತಿದ್ದ ದಿನಗಳು. ಅಯ್ಯನವರು ಆಗಷ್ಟೇ ಬಿನ್ನಿಪೇಟೆಯ ಚರ್ಚಿಗೆ ಹೊಸದಾಗಿ ಬಂದಿದ್ದರು. ಶುಭ ಶುಕ್ರವಾರದ ಹಿಂದಿನ ಸಂಜೆ ಪಾದ ತೊಳೆಯುವ ಆರಾಧನೆ. ಯಾರ ಮೇಲೆ ಮುನಿಸಿದೆಯೋ ಅವರ ಪಾದ ತೊಳೆಯಿರಿ ಎಂದರು. ಯೇಸು ಬೋಗುಣಿ ಹಿಡಿದು ಬಂದಾಗ ಪೇತ್ರ ಕಾಲು ಹಿಂದಕ್ಕೆ ಎಳೆದುಕೊಂಡದ್ದನ್ನು ಹೇಳಿ, "ತೊಳೆಯೋದು ಸುಲಭ. ಇನ್ನೊಬ್ಬರ ಕೈಗೆ ಕಾಲು ಕೊಟ್ಟು ಸುಮ್ಮನೆ ಕೂರೋದಿದೆಯಲ್ಲ, ಅದು ಕಷ್ಟ" ಎಂದರು.

ಹಬ್ಬಕ್ಕೆಂದು ಬಂದಿದ್ದ ಕರುಣಾವತಿಯ ಮುಂದೆ ಜ್ಞಾನಮ್ಮ ಬೋಗುಣಿ ಇಟ್ಟು ಮಂಡಿಯೂರಿದಳು.

"ನನ್ ಕಾಲು ಮುಟ್ಟಬೇಡ" ಎಂದಳು ಕರುಣಾವತಿ, ಇಡೀ ಸಾಲಿಗೆ ಕೇಳುವಂತೆ. "ಮಗೂನೂ ಇಟ್ಕೊಂಡು ಪುಣ್ಯಾನೂ ಇಟ್ಕೋತೀಯಾ?"

ಜ್ಞಾನಮ್ಮ ಏಳಲಿಲ್ಲ. ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು. ಆಗ ಒಂಬತ್ತು ವರ್ಷದ ಚೇತನಾ ಓಡಿಬಂದು ಬೆಂಚಿನ ತುದಿಯಲ್ಲಿ ಕುಳಿತು, ದೂಳು ಮೆತ್ತಿದ ತನ್ನ ಎರಡೂ ಕಾಲನ್ನು ಬೋಗುಣಿಯಲ್ಲಿ ಇಟ್ಟಳು.

*

ಒಳಕೋಣೆಯಲ್ಲಿ ಚೇತನಾ ಮೊದಲು ನೀರಿಗೆ ಮೊಣಕೈ ಅದ್ದಿ ನೋಡಿದಳು. "ಜಾಸ್ತಿ ಬಿಸಿ ಇಲ್ಲ ಕಣೇ ದೊಡ್ಡಮ್ಮ" ಎಂದು ಹೆಣಕ್ಕೆ ಹೇಳಿದಳು. ಬಟ್ಟೆ ಹಿಂಡಿ ಮುಖ ಒರೆಸಿದಳು, ಕಿವಿಯ ಹಿಂದೆ ಒರೆಸಿದಳು. ಕರುಣಾವತಿ ಇನ್ನೊಂದು ಬದಿಯಲ್ಲಿ ಅಕ್ಕನ ಕೈ ಎತ್ತಿಕೊಂಡಳು. ಮುಂಗೈ ಮೇಲೆ ಅಗಲವಾದ, ಹೊಳೆಯುವ ಸುಟ್ಟ ಕಲೆ. ಅದು ಅವಳಿಗೆ ಗೊತ್ತೇ ಇರಲಿಲ್ಲ.

"ಅದು ನನ್ನಿಂದ ಆಗಿದ್ದು" ಎಂದಳು ಚೇತನಾ. "ಹಾಲಿನ ಪಾತ್ರೆ ಎಳೆದೆ. ನನ್ ಮೇಲೆ ಬೀಳುತ್ತೆ ಅಂತ ಕೈ ಅಡ್ಡ ಕೊಟ್ಲು."

ಅಕ್ಕನ ಮೈಮೇಲೆ ಮಗಳ ಗುರುತು. ತನ್ನ ಹೊಟ್ಟೆಯ ಮೇಲೆಯೂ ಈ ಹುಡುಗಿ ಎಳೆದುಹೋದ ಗೆರೆಗಳಿವೆ. ಅವನ್ನು ಇವಳು ಒಂದು ದಿನವೂ ನೋಡಿಲ್ಲ. ಕರುಣಾವತಿ ಆ ಕಲೆಯನ್ನು ಉಜ್ಜಿದಳು, ಹೋಗುವುದೇನೋ ಎಂಬಂತೆ.

"ಅಮ್ಮ, ಮೆಲ್ಲಗೆ."

"ನಾ ಸತ್ರೆ ನನ್ನೂ ಹಿಂಗೇ ತೊಳೀತೀಯೇನೇ?"

ಚೇತನಾಳ ಕೈ ನಿಂತಿತು. "ಇವತ್ತು ಅದನ್ನ ಕೇಳ್ಬೇಕಾ ನೀವು?"

"ಕೇಳ್ಬೇಕು. ಇವಳಿಗೆ ನೀನು ಎಲ್ಲಾ ಕೊಟ್ಟೆ. ಅಮ್ಮ ಅಂತ ಒಂದು ಪದ ಬಿಟ್ಟು."

"ಅದನ್ನೂ ಕೊಟ್ಟಿದ್ದೆ." ಚೇತನಾ ತಲೆ ಎತ್ತಲಿಲ್ಲ. "ಚಿಕ್ಕೋಳಿದ್ದಾಗ ಒಂದ್ಸಲ ಅಮ್ಮ ಅಂದೆ. ಕಪಾಳಕ್ಕೆ ಬಾರಿಸಿದ್ಲು. ನಿಮ್ಮಮ್ಮ ಬದುಕಿದಾಳೆ, ಬೇಲಿ ಆಚೆ ಕಿಟಕೀಲಿ ಕೈ ಬೀಸ್ತಿದ್ಲಲ್ಲ ಅವಳು, ಅಂದ್ಲು. ಆಮೇಲೆ ರಾತ್ರಿಯೆಲ್ಲ ಗೋಡೆ ಕಡೆ ತಿರುಗಿ ಅಳ್ತಿದ್ಲು. ಅವಳು ನನ್ನ ಹೊಡೆದಿದ್ದು ಅದೊಂದೇ ಸಲ."

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಪ್ಪತ್ತೇಳು ವರ್ಷ ತನ್ನದೆಂದುಕೊಂಡಿದ್ದ ಒಂದೇ ಒಂದು ಪದವೂ ಅಕ್ಕ ಬೇಡವೆಂದು ತಿರುಗಿ ಕೊಟ್ಟದ್ದು. ಕರುಣಾವತಿಗೆ ಅಕ್ಕನ ಭುಜ ಹಿಡಿದು ಅಲುಗಿಸಿ ಕೇಳಬೇಕೆನಿಸಿತು. ಆದರೆ ಏನನ್ನು? ಅವಳು ಕೆಳಗೆ ಸರಿದು ಅಕ್ಕನ ಪಾದಗಳಿಗೆ ನೀರು ಹಾಕಿದಳು. ಮಿಲ್ಲಿನಲ್ಲಿ ನಿಂತು ನಿಂತು ಉಬ್ಬಿದ ನರಗಳು, ಬಿರುಕು ಬಿಟ್ಟ ಹಿಮ್ಮಡಿ. ಬೆರಳುಗಳ ಸಂದಿಯನ್ನು ಒಂದೊಂದಾಗಿ ತೊಳೆದಳು. ಜ್ಞಾನಮ್ಮ ಕಾಲನ್ನು ಎಳೆದುಕೊಳ್ಳಲಿಲ್ಲ.

ಚೇತನಾ ಬಿಳಿ ಸೀರೆ ಬಿಚ್ಚಿದಳು. ಇಬ್ಬರೂ ಎರಡು ತುದಿ ಹಿಡಿದು ಉಡಿಸಿದರು.

*

ಮಧ್ಯಾಹ್ನ ಮಣ್ಣು ಮಾಡಿ ಬಂದರು. ಸ್ಮಶಾನದಿಂದ ಬಂದವರು ಸ್ನಾನ ಮಾಡಬೇಕೆಂದು ಚರ್ಚು ಹೇಳಿರಲಿಲ್ಲ, ವಠಾರ ಹೇಳಿತ್ತು. ಕಮಲಾಕ್ಷಮ್ಮ ಹಂಡೆಯ ತುಂಬ ನೀರು ಕಾಯಿಸಿಟ್ಟು, "ಮೊದ್ಲು ಮಗಳು ತಲೆಗೆ ಹಾಕ್ಕೊಳ್ಳಲಿ" ಎಂದಳು.

ಕರುಣಾವತಿ ಹಜಾರದಲ್ಲಿ ಕುಳಿತಿದ್ದಳು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಬಂತು, ನಿಂತಿತು. ಆಮೇಲೆ ಬಿಕ್ಕುವ ಸದ್ದು. ತುಂಬ ಹೊತ್ತು ನಿಲ್ಲಲಿಲ್ಲ. ಅವಳು ಎದ್ದು ಹೋಗಿ ಬಾಗಿಲು ತಳ್ಳಿದಳು.

ಚೇತನಾ ಲಂಗ ಎದೆಗೆ ಕಟ್ಟಿಕೊಂಡು ಮಣೆಯ ಮೇಲೆ ಮುದುಡಿ ಕುಳಿತಿದ್ದಳು. ಉದ್ದ ಕೂದಲು ಮುಂದಕ್ಕೆ ಇಳಿಬಿದ್ದು ನೆಲ ಮುಟ್ಟುತ್ತಿತ್ತು. ತಲೆಯ ತುಂಬ ಸೀಗೆಪುಡಿ, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಹೆಜ್ಜೆ ಕೇಳಿ, ಅಳುತ್ತಲೇ ಕೈಚಾಚಿದಳು.

"ಉರೀತಿದೆ ದೊಡ್ಡಮ್ಮ. ನೀರ್ ಹಾಕೇ."

ಯಾರನ್ನು ಕರೆದೆನೆಂದು ಅವಳಿಗೇ ತಿಳಿಯಲಿಲ್ಲ.

ಕರುಣಾವತಿ ಒಳಗೆ ಬಂದಳು. ಹಂಡೆಯಿಂದ ಚೊಂಬು ತುಂಬಿಕೊಂಡಳು. ಕಣ್ಣಿಗೆ ಸೀಗೆ ಇಳಿಯದಂತೆ ಮಗಳ ಹಣೆಗೆ ಅಂಗೈ ಅಡ್ಡ ಹಿಡಿದು, ಸದ್ದಾಗದಂತೆ, ಮೆಲ್ಲಗೆ ನೀರು ಹಾಕತೊಡಗಿದಳು.