ನಂಜಣ್ಣ ಉಳಿಸಿದ ತಂಡಿ

"ಹಾರ ಗಾಜಿನ ಮ್ಯಾಲೆ ಇಡ್ರಪ್ಪ, ಮುಚ್ಚಳ ತಗೀಬ್ಯಾಡಿ," ಎಂದು ಚಿಕ್ಕಸಿದ್ದಮ್ಮ ಮತ್ತೊಬ್ಬರ ಕೈ ಹಿಡಿದು ತಡೆದಳು. ಬೆಳಗಿನಿಂದ ಅದು ಎಷ್ಟನೆಯ ಕೈಯೋ. ಫ್ರೀಜರ್ ಬಾಕ್ಸಿನೊಳಗೆ ಅವಳ ಗಂಡ, ಹುಣಸೂರಿನ ಫ್ರಿಜ್ ಮೆಕ್ಯಾನಿಕ್ ನಂಜಣ್ಣ, ಮಲಗಿದ್ದ. ಅರ್ಧ ಊರಿನ ಹಾಲು ಒಡೆಯದೆ ಉಳಿದದ್ದು ಅವನ ಕೈಗುಣದಿಂದ. ಆ ಋಣಕ್ಕೆ ಬಂದವರಿಗೆಲ್ಲ ಮುಚ್ಚಳ ಎತ್ತಿ, ಹಾರ ಹಾಕಿ, ಕಾಲು ಮುಟ್ಟುವ ಆಸೆ. ಆದರೆ ಹತ್ತು ಗಂಟೆಗೇ ಕರೆಂಟು ಹೋಗಿತ್ತು. ಲೈನ್ ಕೆಲಸವಂತೆ, ಬರುವುದು ಸಂಜೆಗೇ ಅಂತೆ. ಬಾಕ್ಸು ಮನೆಯ ಯುಪಿಎಸ್ ಮೇಲೆ ಓಡುತ್ತಿತ್ತು.

ಒಬ್ಬಳೇ ಮಗಳು ಮಧುಶ್ರೀ ಬೀದರಿನ ಆಸ್ಪತ್ರೆಯಲ್ಲಿ ನರ್ಸು. ನಿನ್ನೆ ಸಂಜೆ ಸುದ್ದಿ ತಿಳಿದೊಡನೆ ಬಸ್ಸು ಹತ್ತಿದ್ದಳು. ಅವಳು ಬರುವವರೆಗೆ ಅಪ್ಪನ ಮುಖ ಕೆಡದೆ ಉಳಿಯಬೇಕು. ಚಿಕ್ಕಸಿದ್ದಮ್ಮನಿಗೆ ಇವತ್ತು ಬೇಕಾದದ್ದು ಅದೊಂದೇ.

ಮೂರು ಗಂಟೆಗೆ ಯುಪಿಎಸ್ ಕುಂಯ್ ಎಂದು ನಿಂತುಹೋಯಿತು. ನಂಜಣ್ಣನ ಅಣ್ಣ ಮಹದೇವಪ್ಪ ಎದ್ದ.

"ಎತ್ತಿಬುಡಾನ ಕಣವ್ವ. ಬಿಸ್ಲು ನೋಡು, ತಡೆಯಾಕಿಲ್ಲ."

"ಮಗಳು ಮೈಸೂರಿನ ಅತ್ರ ಬಂದವ್ಳೆ, ಭಾವ. ಇನ್ನೊಂಚೂರು ತಡ್ಕೊಳ್ಳಿ."

ಬಾಕ್ಸನ್ನು ಬಾಡಿಗೆಗೆ ಕೊಡುವ ಕಾಂತರಾಜ್ ಗೋಡೆ ಬಿಟ್ಟು ಮುಂದೆ ಬಂದ. "ಇನ್ನೂ ಎರಡು ಗಂಟೆ ತಡೀತದೆ ಮಾದೇವಣ್ಣ. ಮುಚ್ಚಳ ಮುಟ್ಟದಿದ್ರೆ ಸಾಕು. ಇದು ನಂಜಣ್ಣನೇ ರಿಪೇರಿ ಮಾಡಿರೋ ಬಾಕ್ಸು ಕಣ್ರೀ."

*

ಎರಡು ವರ್ಷದ ಹಿಂದೆ ಇದೇ ಬಾಕ್ಸನ್ನು ಕಾಂತರಾಜ್ ನಂಜಣ್ಣನ ಅಂಗಡಿಗೆ ತಂದಿದ್ದ. ಬುತ್ತಿ ತಂದಿದ್ದ ಚಿಕ್ಕಸಿದ್ದಮ್ಮ ಬಾಗಿಲಲ್ಲಿ ಕುಳಿತಿದ್ದಳು.

"ತಂಡಿ ಸಾಲ್ತಿಲ್ಲ ನಂಜಣ್ಣ. ದೊಡ್ಡ ಕಂಪ್ರೆಸರ್ ಆಕ್ಕೊಡು."

ನಂಜಣ್ಣ ಹಳೆಯ ಲಗ್ನಪತ್ರಿಕೆಯೊಂದನ್ನು ಮುಚ್ಚಳದ ಸಂದಿಗಿಟ್ಟು ಎಳೆದ. ಸಲೀಸಾಗಿ ಬಂತು.

"ರಬ್ಬರ್ ಓಗದೆ ಕಣ್ಲಾ. ತೂತು ಬಿಂದ್ಗೆಗೆ ದೊಡ್ಡ ನಲ್ಲಿ ಬುಟ್ರೆ ತುಂಬ್ತದಾ?"

ಹಳೆಯ ಗ್ಯಾಸನ್ನು ಬಯಲಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಲು ಕೂತ. ಉಸ್ಸೆಂದು ಬಿಟ್ಟರೆ ಎರಡು ನಿಮಿಷದ ಕೆಲಸ ಎಂದು ಕಾಂತರಾಜ್ ಗೊಣಗಿದ.

"ಬುಟ್ರೆ ಎಲ್ಲೋಯ್ತದೆ? ಮ್ಯಾಲೋಗಿ ಸೆಕೆ ಎಚ್ಚಿಸ್ತದೆ. ಸೆಕೆ ಎಚ್ಚಾದ್ರೆ ಇನ್ನಷ್ಟು ಫ್ರಿಜ್ಜು ಬೇಕಾಯ್ತದೆ. ನಂಗೇನೋ ಯಾಪಾರವೇ, ಬುಡು."

ಹೊಸ ರಬ್ಬರು, ದಪ್ಪ ಫೋಮು, ಭೂಮಿಗೆ ಅಷ್ಟು ಕೇಡು ಮಾಡದ ಹೊಸ ನಮೂನೆಯ ಗ್ಯಾಸು, ಮೊದಲಿಗಿಂತ ಚಿಕ್ಕ, ಕಮ್ಮಿ ಕರೆಂಟು ಎಳೆಯುವ ಕಂಪ್ರೆಸರು. ಎಲ್ಲ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು, ಮುದ್ದೆ ಕಲ್ಲಾಗಿತ್ತು. ಇಂಥ ನಿಧಾನಸ್ಥನನ್ನು ಕಟ್ಟಿಕೊಂಡ ತನ್ನ ಹಣೆಬರಹವನ್ನು ಅವಳು ಬೀದಿಗೆಲ್ಲ ಕೇಳುವಂತೆ ಬೈದಿದ್ದಳು.

*

ಈಗ ಅಂಗೈ ಗಾಜಿನ ಮೇಲಿಟ್ಟು ಕೂತವಳಿಗೆ ಆ ಬೈಗುಳ ನೆನಪಾಗಿ ನಾಚಿಕೆಯಾಯಿತು. ಗಾಜು ಇನ್ನೂ ತಣ್ಣಗಿತ್ತು. ನಿನ್ನ ನಿಧಾನ ನನ್ನ ಕಾಯ್ತು ಕಣಪ್ಪ ಎಂದು ಮನಸ್ಸಿನಲ್ಲೇ ಕೈಮುಗಿದಳು.

ನಾಲ್ಕೂವರೆಗೆ ಮಧುಶ್ರೀ ಬಂದಳು. ಕಾಂತರಾಜ್ ಹಾರಗಳನ್ನು ಸರಿಸಿಟ್ಟು ಮುಚ್ಚಳ ಎತ್ತಿದ. ನಂಜಣ್ಣನ ಮುಖ ಉಂಡು ಮಲಗಿದವನ ಹಾಗಿತ್ತು. ಮಗಳು ಹಣೆ ಮುಟ್ಟಿದಳು, ಕೆನ್ನೆ ಸವರಿದಳು, ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ, ಆ ಮನೆಯಲ್ಲಿ ಬೆಳೆದವಳಲ್ಲವೇ, ತಾನೇ ಮುಚ್ಚಳ ಇಳಿಸಿ ನಾಲ್ಕೂ ಅಂಚನ್ನು ಅಂಗೈಯಿಂದ ಒತ್ತಿದಳು.

"ಸಾಕು ಕಣವ್ವ," ಎಂದಳು ತಾಯಿ. "ಇನ್ನು ತಂಡಿ ಉಳ್ಸೋದು ಬ್ಯಾಡ. ತಗ್ದಿರ್ಲಿ, ಎಲ್ರೂ ನೋಡ್ಲಿ."

ಮುಚ್ಚಳ ಮತ್ತೆ ತೆರೆಯಿತು. ಗಾಜಿನ ಮೇಲಿದ್ದ ಹಾರಗಳು ಒಂದೊಂದಾಗಿ ಒಳಗೆ ಹೋದವು. ತಂಡಿ ಬಾಕ್ಸಿನ ಅಂಚು ದಾಟಿ ಇಳಿದು, ಸುತ್ತ ನಿಂತವರ ಬರಿಗಾಲುಗಳ ಮೇಲೆ ಹರಿಯಿತು. ಯಾರೂ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.