ಮುಚ್ಚಿಗೆಯ ಮೇಲಿನ ಮದುವೆ

೧.

ಈ ಕಥೆಯನ್ನು ನೆಲದಿಂದ ಶುರುಮಾಡಲೋ, ಗೋಡೆಯಿಂದಲೋ? ಹಿರಿಯರು ಮೊದಲು ದೇವರಿಗೆ ಕೈಮುಗಿದು, ಆಮೇಲೆ ಕೇಳುವವರ ಊಟವಾಯಿತೇ ಎಂದು ವಿಚಾರಿಸಿ, ಅನಂತರ ಬಾಯಿ ತೆರೆಯುತ್ತಿದ್ದರು. ನಾನೂ ಚಂದಗುಳಿಯ ಗಣಪತಿಗೆ ಕೂತಲ್ಲಿಂದಲೇ ಕೈಮುಗಿದಿದ್ದೇನೆ. ನಿಮ್ಮ ಊಟವಾಗಿದೆ ಎಂದು ನಂಬಿದ್ದೇನೆ. ಆದರೂ ಮೊದಲ ವಾಕ್ಯ ಬರುತ್ತಿಲ್ಲ.

ಒಂದು ಡ್ರಾಫ್ಟ್ ಹೀಗಿತ್ತು: ‘ಮುಚ್ಚಿಗೆಯೆಂಬುದು ಮನೆಯೊಳಗಿನ ಆಕಾಶ, ಅದನ್ನು ದಿಟ್ಟಿಸುವವನೇ ನಿಜವಾದ ಯಾತ್ರಿಕ.’

(ಕಥೆಯ ನಾಯಕಿ ದ್ಯಾವಮ್ಮ ಇದನ್ನು ಕೇಳಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. “ಎಂತ ಯಾತ್ರಿಕನ ಮಾರಾಯಾ? ಮುಚ್ಚಿಗೆ ಅಂದ್ರೆ ಹಲಗೆ. ಹಲಗೆ ಮೇಲೆ ಅಟ್ಟ, ಅಟ್ಟದಾಗೆ ಇಲಿ.” ಡ್ರಾಫ್ಟ್ ಹರಿದು ಹಾಕಿದೆ.)

೧, ಮತ್ತೊಮ್ಮೆ.

ಸಿದ್ದಾಪುರ ಸೀಮೆಯ ಮನ್ಮನೆಯಲ್ಲಿ ದ್ಯಾವಮ್ಮ ಎಂಬವಳಿದ್ದಳು. ಗಂಡನ ಹೆಸರು ಹುಚ್ಚ. (ಆ ಹೆಸರು ನಾನಿಟ್ಟದ್ದಲ್ಲ. ಕೂಸಿಗೆ ಕೆಟ್ಟ ಕಣ್ಣು ತಾಗದಿರಲೆಂದು ಅವನ ಅಜ್ಜಿ ಇಟ್ಟದ್ದು.) ಜಿಲ್ಲೆ ಮುಂಬೈ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ಅವರ ಮಗಳು ಕೆರಿಯಮ್ಮನಿಗೆ ಮದುವೆ ಗೊತ್ತಾಯಿತು.

ಅವರಲ್ಲಿ ಮದುವೆಯೆಂದರೆ ಹಸೆ. ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯಬೇಕು. ಗೆರೆಗೆರೆಯ ಮನೆ, ಮನೆಯ ನಡುವೆ ಗಂಡು, ಅವನ ಎಡಕ್ಕೆ ಹೆಣ್ಣು. ಚಿತ್ತಾರವಿಲ್ಲದ ಹಸೆಗೆ ಯಾರೂ ಕೂರುವುದಿಲ್ಲ. ಊರಿನ ಹೆಣ್ಣುಮಕ್ಕಳ ಹಸೆಗೆಲ್ಲ ಬರೆದ ಕೈ ದ್ಯಾವಮ್ಮನದು. ಸ್ವಂತ ಮಗಳಿಗೆ ಬರೆಯಲು ಮಾತ್ರ ಅವಳಿಗೆ ಗೋಡೆಯಿರಲಿಲ್ಲ.

ಗೋಡೆ ಇತ್ತು. ಅದು ಹುಚ್ಚನದಾಗಿಬಿಟ್ಟಿತ್ತು. ಶಿರಸಿ ಪೇಟೆಯಲ್ಲಿ ಯಾರದೋ ಅಂಗಡಿ ನೋಡಿ ಬಂದವನು, ಸುಣ್ಣಕ್ಕೆ ಚೂರು ನೀಲಿ ಬೆರೆಸಿ ನಡುಮನೆಗೆಲ್ಲ ತಾನೇ ಬಳಿದಿದ್ದ. ಬಂದವರಿಗೆಲ್ಲ ತೋರಿಸುತ್ತಿದ್ದ. ಯಾರೂ ಬಾರದ ದಿನ ತಾನೇ ಹೊರಗೆ ಹೋಗಿ ಒಳಗೆ ಬಂದು ನೋಡುತ್ತಿದ್ದ.

“ಈ ಗೋಡೆಗೆ ಮಣ್ಣು ಹಚ್ಚಿದ್ಯೋ, ನಾ ಚಪ್ಪರಕ್ಕೇ ಬರೂದಿಲ್ಲ.”

“ಮದುವೆ ನಿಂದಲ್ಲ. ನೀ ಬರದಿದ್ರೂ ನಡೀತದೆ.”

“ಆಣೆ ಮಾಡು ದ್ಯಾವಿ.”

“ಆಯ್ತು, ಗೋಡೆ ಮುಟ್ಟೂದಿಲ್ಲ. ದೇವ್ರಾಣೆ.”

(ಹುಚ್ಚನಿಗೆ ಈ ಪ್ಯಾರಾ ಹಿಡಿಸಲಿಲ್ಲ. “ನನ್ನ ದುಷ್ಟ ಮಾಡ್ತೀರಲ್ರೀ! ನೀಲಿ ಎಷ್ಟು ಚಂದ ಬಂದಿತ್ತು ಅಂತಲೂ ಬರೀರಿ.” ಬರೆದೆ: ಚಂದ ಬಂದಿತ್ತು. ಬೆಳಗಿನ ಬಿಸಿಲಿಗೆ, ಆಗಷ್ಟೇ ಕರೆದ ಹಾಲಿನ ನೊರೆಯ ಹಾಗೆ.)

ಆಣೆ ಮಾಡಿದವಳು ಬೇಜಾರಿನಲ್ಲಿ ನಡುಮನೆಯಲ್ಲೇ ಚಾಪೆ ಹಾಕಿ ಅಂಗಾತ ಮಲಗಿದಳು. ಮೇಲೆ ಮುಚ್ಚಿಗೆ. ಇಷ್ಟಗಲ ಹಲಗೆ, ಬೋಳು ಬೋಳು.

ಆಣೆ ಗೋಡೆಗೆ ಮಾತ್ರವಲ್ಲವೇ?

೨.

ಬಿದಿರಿನ ಅಟ್ಟಣಿಗೆಯನ್ನು ಕಟ್ಟಿಕೊಟ್ಟವನು ಸ್ವತಃ ಹುಚ್ಚ. ಜೇಡರಬಲೆ ತೆಗೆಯಬೇಕೆಂದು ಹೆಂಡತಿ ಹೇಳಿದ್ದಳು. ಆನೆ ಹತ್ತಿದರೂ ಮುರಿಯದ ಹಾಗೆ ಕಟ್ಟಿ ಗದ್ದೆಗೆ ಹೋದ.

ದ್ಯಾವಮ್ಮ ಅದರ ಮೇಲೆ ಅಂಗಾತ ಮಲಗಿ, ಹಲಗೆಗೆ ಕೆಮ್ಮಣ್ಣು ಬಳಿದು ಕುಂಚ ಎತ್ತಿದಳು. ಗೆರೆ ನೆಟ್ಟಗೆ ಬರಲೊಲ್ಲದು. ಮಲಗಿದವರ ಕೈಗೆ ಎತ್ತರ ಯಾವುದು, ಅಡ್ಡ ಯಾವುದು ತಿಳಿಯುವುದಿಲ್ಲ. ಅದಕ್ಕೆ ಕೆಳಗಿಳಿದು, ನೆಲದ ಮೇಲೆ ಇದ್ದಿಲಿನಲ್ಲಿ ಇಡೀ ಚಿತ್ತಾರ ಬರೆದಳು. ಮತ್ತೆ ಹತ್ತಿ, ಮೇಲಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಳು. ಕಲ್ಲು ನೆಲದ ಚಿತ್ತಾರದ ಯಾವ ಮೂಲೆಯನ್ನು ಮುಟ್ಟಿತೋ ಅದರ ನೆತ್ತಿಗೆ ಸರಿಯಾಗಿ ಹಲಗೆಯ ಮೇಲೊಂದು ಚುಕ್ಕೆ. ಚುಕ್ಕೆಯಿಂದ ಚುಕ್ಕೆಗೆ ಗೆರೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಸಂಜೆ ಹುಚ್ಚ ಬಂದು ನೋಡಿದರೆ, ಮೇಲಿನಿಂದ ಕೆಂಪು ಮುಖವೊಂದು ಕೆಳಗೆ ಬಗ್ಗಿತ್ತು. ಚೌಡಿಯೇ ಬಂದಳೆಂದು ಕೈಮುಗಿದ.

“ನಾನು ಮಾರಾಯಾ. ಮಣ್ಣು ಸೋರ್ತದೆ.”

ಅವನು ಮುಚ್ಚಿಗೆ ನೋಡಿದ, ಗೋಡೆ ನೋಡಿದ, ಮತ್ತೆ ಮುಚ್ಚಿಗೆ ನೋಡಿದ.

“ಗೋಡೆ ಮುಟ್ಟಿದ್ಯನೇ?”

“ಇಲ್ಲೆ.”

(ಇಲ್ಲಿ ನಾನೊಂದು ಭಾರೀ ಜಗಳ ಪ್ಲ್ಯಾನ್ ಮಾಡಿದ್ದೆ. ಇಬ್ಬರೂ ಸಹಕರಿಸಲಿಲ್ಲ. ಅವನು ಹಿಟ್ಟಿನ ಕರಟ ಎತ್ತಿ ಹಿಡಿದು ಕೆಳಗೆ ನಿಂತ, ಕತ್ತಲಾಗುವವರೆಗೆ. ಓದುಗರು ಕ್ಷಮಿಸಬೇಕು, ಒಳ್ಳೆಯ ದಾಂಪತ್ಯ ಕಥೆಗಾರನ ಹೊಟ್ಟೆಯ ಮೇಲೆ ಹೊಡೆಯುತ್ತದೆ.)

೩.

ಮದುವೆಯ ಮುನ್ನಾದಿನ ಗಂಡಿನ ತಾಯಿ ಹೊನ್ನಿ ಹಸೆ ನೋಡಲು ಬಂದಳು. ಗೋಡೆ ನೋಡಿದಳು. ನೀಲಿ ಸುಣ್ಣ ನೊರೆನೊರೆಯಾಗಿ ನಕ್ಕಿತು.

“ಎಲ್ಲೇ ಚಿತ್ತಾರ?”

ದ್ಯಾವಮ್ಮ ಬೆರಳು ಮೇಲೆತ್ತಿದಳು.

ಹೊನ್ನಿ ಕತ್ತೆತ್ತಿದವಳು “ಅಯ್ಯಬ್ಬಾ!” ಎಂದಳು. ಬಾಯಿ ಹಾಗೇ ತೆರೆದಿತ್ತು. ನಿಧಾನಕ್ಕೆ ಮುಚ್ಚಿತು.

“ಹೆಣ್ಣು ಗಂಡಿನ ಬಲಕ್ಕದೆಯಲ್ಲೇ.”

ದ್ಯಾವಮ್ಮ ನೆಲ ನೋಡಿದಳು. ಅಳಿಸಿ ಉಳಿದ ಇದ್ದಿಲಿನಲ್ಲಿ ಹೆಣ್ಣು ಎಡಕ್ಕೇ ಇದ್ದಳು. ಮುಚ್ಚಿಗೆ ನೋಡಿದಳು. ಬಲಕ್ಕೆ! ದಾರ ಸುಳ್ಳು ಹೇಳಿರಲಿಲ್ಲ, ಕಲ್ಲು ತಪ್ಪಿರಲಿಲ್ಲ. ಆದರೆ ನೆಲದ್ದನ್ನು ಬಗ್ಗಿ ನೋಡುತ್ತೇವೆ, ಮುಚ್ಚಿಗೆಯದನ್ನು ಕತ್ತೆತ್ತಿ. ಕನ್ನಡಿಯಲ್ಲಿ ಆಗುವ ಹಾಗೆ ಎಡ ಬಲವಾಗಿತ್ತು.

“ಎಡಬಲ ತಪ್ಪಿದ ಹಸೆಗೆ ನನ್ನ ಮಗ ಕೂರೂದಿಲ್ಲ” ಎಂದಳು ಹೊನ್ನಿ. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಒಳಗೆ ಅರಿಶಿನ ಕಲಸುತ್ತಿದ್ದ ಕೆರಿಯಮ್ಮನ ಕೈ ನಿಂತಿತು.

ಅಂತ್ಯ, ಒಂದನೆಯದು: ದ್ಯಾವಮ್ಮ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯುತ್ತಾಳೆ.

(“ಬರೆದ ಹಸೆ ಅಳಿಸೂದಾ? ಬಾಯಿ ತೊಳ್ಕೊಳ್ರಿ ಮೊದ್ಲು” ಎಂದು ದ್ಯಾವಮ್ಮ ಗದರಿದಳು. ತೊಳೆದುಕೊಂಡೆ.)

ಅಂತ್ಯ, ಇನ್ನೊಂದು: ಹುಚ್ಚ ಕಣ್ಣೊರೆಸಿಕೊಂಡು ತನ್ನ ಗೋಡೆ ಬಿಟ್ಟುಕೊಡುತ್ತಾನೆ. ಎಲ್ಲರೂ ಅಳುತ್ತಾರೆ. ಕ್ಲೈಮ್ಯಾಕ್ಸ್!

ಇದನ್ನು ಅವನು ನಿಜಕ್ಕೂ ಮಾಡಿದ. ಕಣ್ಣೊರೆಸಲಿಲ್ಲ, ಅಷ್ಟೇ. “ಬರಿಯೇ ದ್ಯಾವಿ. ಗೋಡೆ ಹೋದ್ರೆ ಹೋಗ್ಲಿ.”

“ನೀ ಬಿಟ್ರೆ ಆತಾ? ಆಣೆ ಮಾಡಿದ್ದು ದೇವ್ರ ಹತ್ರ. ಅವ ಬಿಡಬೇಕಲ್ಲ.”

ಮೂರನೆಯ ಅಂತ್ಯದಲ್ಲಿ ಗಣಪತಿ ಹೊನ್ನಿಯ ಕನಸಿನಲ್ಲಿ ಬರುವವನಿದ್ದ. ನಾನೇ ಬೇಡವೆಂದೆ, ಅವನಿಗೆ ಮಾಡಲು ಬೇಕಾದಷ್ಟು ಕೆಲಸವಿದೆ. ಹೀಗೆ ನನ್ನ ಬುಟ್ಟಿ ಬರಿದಾಯಿತು. ದ್ಯಾವಮ್ಮ ಸುಮಾರು ಹೊತ್ತು ಮೇಲೆ ನೋಡುತ್ತ ನಿಂತಳು. ಆಮೇಲೆ ನನ್ನನ್ನು ಆಚೆ ಸರಿಸಿ ಚಾಪೆ ಬಿಡಿಸಿದಳು.

“ಹೊನ್ನಕ್ಕ, ನಿಂತು ನೋಡಿದ್ರೆ ಕತ್ತು ನೋಯ್ತದೆ. ಮಲಗಿ.”

ಬೀಗಿತ್ತಿಯರಿಬ್ಬರೂ ಅಕ್ಕಪಕ್ಕ ಅಂಗಾತ ಮಲಗಿದರು.

“ಅವ್ರಿಗೆ ಕಣ್ಣು ಅದೆಯಾ?” ದ್ಯಾವಮ್ಮ ಕೇಳಿದಳು.

“ಚಿತ್ತಾರದವ್ರಿಗೆ ಎಂತ ಕಣ್ಣೇ? ಯಾವತ್ತು ಬರೆದಾರೆ?”

“ಮೂಗು, ಬಾಯಿ?”

“ಇಲ್ಲೆ.”

“ಹಂಗಾರೆ ನಮ್ಮ ಕಡೆ ಮಖ ಮಾಡಿ ಕೂತಾರೆ ಅಂತ ನಿಮಗೆ ಯಾರು ಹೇಳಿದ್ರು?”

ಹೊನ್ನಿ ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು.

“ಗೋಡೆ ಮೇಲಿನವ್ರು ಜನರ ಕಡೆ ನೋಡ್ತಾರೆ. ಇವ್ರು ಮುಚ್ಚಿಗೆಯವ್ರು, ಮೇಲೆ ದೇವ್ರ ಕಡೆ ನೋಡ್ತಿದಾರೆ. ನಮಗೆ ಕಾಣೂದು ಬೆನ್ನು. ಈಗ ಹೇಳಿ, ಹೆಣ್ಣು ಯಾವ ಬದಿ?”

ಹೊನ್ನಿ ಮಲಗಿದಲ್ಲೇ ಒಂದು ಕೈ ಎತ್ತಿದಳು, ಇಳಿಸಿದಳು. ಇನ್ನೊಂದು ಎತ್ತಿದಳು. ತುಟಿ ಅಲುಗಿತು.

“ಎಡ” ಎಂದಳು.

ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ಬಳೆ, ಆಮೇಲೆ ನಗು ಹೊರಗೆ ಬಂತು. “ಅಲ್ವೇ ಮಾರಾಯ್ತಿ, ಇದನ್ನ ಬರೆಯೂವಾಗ ಎಣಿಸಿದ್ಯೋ, ಈಗ ಮಲಗಿ ಎಣಿಸಿದ್ಯೋ?”

ದ್ಯಾವಮ್ಮ ಹೇಳಲಿಲ್ಲ. ನನಗೂ ಹೇಳಿಲ್ಲ.

೪.

ಹೊನ್ನಿ ಒಪ್ಪಿದಳೇ? ಏಳಲಿ, ಎದ್ದ ಮೇಲೆ ಕೇಳಿ ಬರೆಯೋಣ ಎಂದು ಕಾದೆ. ಅವಳು ಏಳಲಿಲ್ಲ. “ಮೇಲೆ ಅವ್ರಿಗೆ ಎಂತ ಕಾಣ್ತಿರಬೌದೇ?” ಎಂದು ಕೇಳುತ್ತಿದ್ದಾಳೆ. ಅರಿಶಿನದ ಕೈಯಲ್ಲೇ ಕೆರಿಯಮ್ಮ ಬಂದು ಇಬ್ಬರ ನಡುವೆ ಮಲಗಿದಳು. ಹುಚ್ಚನೂ ಬಂದ, ಚಾಪೆ ಸಾಲದೆ ಅವನ ಕಾಲು ನೆಲದ ಮೇಲಿದೆ. ಹೊರಗೆ ಚಪ್ಪರದವರು ಕೂಗುತ್ತಿದ್ದಾರೆ, ಒಲೆಯ ಮೇಲೆ ಅನ್ನ ಉಕ್ಕುತ್ತಿದೆ, ನಾಳೆ ಮದುವೆ. ನಾನು ಹಾಳೆಯ ಅಂಚಿನಲ್ಲಿ ನಿಂತು ಕರೆದೆ. ಯಾರಿಗೂ ಕೇಳಿಸಲಿಲ್ಲ.

ಕೊನೆಗೆ ಹುಚ್ಚ ಚೂರು ಸರಿದು, ಪಕ್ಕದ ನೆಲ ತಟ್ಟಿ, “ಬರ್ರಿ, ಜಾಗ ಅದೆ” ಎಂದ.

ಹೋಗುತ್ತಿದ್ದೇನೆ. ಮಲಗಿಕೊಂಡು ಬರೆಯಲು ನನಗೆ ಬರುವುದಿಲ್ಲ.