ಅಡ್ಡ ನಿಂತ ಬೀರು

“ಒಳಗೆ ತುರುಕಬೇಡಪ್ಪ, ಇಲ್ಲಿ ಕೊಡು,” ಎಂದು ಆಕೆ ಮೈದುನನ ತೋಳಿನಿಂದ ಬಟ್ಟೆಯ ಗಂಟನ್ನು ಕಿತ್ತುಕೊಂಡು ಮತ್ತೆ ಹಜಾರದ ಮಧ್ಯಕ್ಕೇ ತಂದಿಟ್ಟಳು.

ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲೆ ಉದುರುವ ಕಾಲ ಬಂತೆಂದರೆ ಆಕೆಯ ಗಂಡ ಮನೆಯ ಸಾಮಾನನ್ನೆಲ್ಲ ಹೊರಗೆಳೆದು, ಇಟ್ಟುಕೊಳ್ಳುವುದು, ಕೊಡುವುದು, ಎಸೆಯುವುದು ಎಂದು ರಾಶಿ ಹಾಕುತ್ತಿದ್ದ. ಈ ಸಲ ರಾಶಿ ಮುಗಿಯುವ ಮುಂಚೆ ತಾನೇ ಮುಗಿದುಹೋದ. ನಿನ್ನೆ ಸಂಜೆ ಒಳಕೋಣೆಯಲ್ಲಿ, ಮಡಿಸಿಟ್ಟ ಕಂಬಳಿಗಳ ಮೇಲೆ ಕೂತು “ಸ್ವಲ್ಪ ಸುಧಾರಿಸ್ಕೋತೀನಿ” ಅಂದವನು ಮತ್ತೆ ಏಳಲಿಲ್ಲ. ಈಗ ಅದೇ ಕೋಣೆಯ ಮಂಚದ ಮೇಲೆ ಮಲಗಿದ್ದ.

“ಜನ ಬರ್ತಿದ್ದಾರೆ ಅತ್ತಿಗೆ, ಎಲ್ಲಿ ಕೂರಿಸೋದು? ಎಲ್ಲಾ ಈಗ ಒಳಗೆ ತಳ್ಳಿಬಿಡೋಣ, ಆಮೇಲೆ ನೋಡಿದ್ರಾಯ್ತು,” ಅಂದ ಮೈದುನ.

“ಆಮೇಲೆ ಅಂತ ಇಟ್ಟಿದ್ದು ಏನಾಗುತ್ತೆ ಅಂತ ನಿಮ್ಮಣ್ಣನಿಗೆ ಚೆನ್ನಾಗಿ ಗೊತ್ತಿತ್ತು.”

ನಿಜವಾದ ತೊಡಕು ಹಜಾರದಲ್ಲಿರಲಿಲ್ಲ, ಒಳಕೋಣೆಯ ಬಾಗಿಲಲ್ಲಿತ್ತು. ಅದು ಆಕೆಯ ತವರಿನ ಮರದ ಬೀರು. ಹಿಂದಿನ ಧೂಳು ಗುಡಿಸಲೆಂದು ಗಂಡ ಅದನ್ನು ಗೋಡೆಯಿಂದ ಎಳೆದಾಗ ಒಂದು ಕಾಲು ಮುರಿದು, ಬಾಗಿಲಿಗೆ ಅಡ್ಡವಾಗಿ ಕುಸಿದುಬಿಟ್ಟಿತ್ತು. ಒಬ್ಬೊಬ್ಬರೇ ಮೈ ಓರೆ ಮಾಡಿಕೊಂಡು ನುಸುಳಬಹುದಿತ್ತು, ಅಷ್ಟೇ. ಗಂಡಸರು ಸೇರಿ ತಳ್ಳಿ ನೋಡಿದರು. ಬೀರು ಜಪ್ಪಯ್ಯ ಅಂದರೂ ಕದಲಲಿಲ್ಲ.

ಮೈದುನ ಬೆವರು ಒರೆಸಿಕೊಂಡು ದನಿ ತಗ್ಗಿಸಿದ. “ಒಂದು ಕೆಲಸ ಮಾಡೋಣ ಅತ್ತಿಗೆ. ಅಣ್ಣನ್ನ ಸ್ವಲ್ಪ ನಿಲ್ಲಿಸಿ, ಓರೆ ಮಾಡಿ ಈಚೆಗೆ ತಗೊಂಡ್ರೆ...”

“ನಿಮ್ಮಣ್ಣ ಏನು ಸೋಫಾನಾ?”

ಆಕೆ ಕೊರಳ ಸರದಿಂದ ಬೀಗದ ಕೈ ಬಿಡಿಸಿ ಮಗಳ ಕೈಗಿಟ್ಟಳು. “ಖಾಲಿ ಮಾಡೋಣ. ಆಮೇಲೆ ಒಡೆದುಬಿಡಿ.”

“ಅಮ್ಮ, ಅಜ್ಜಿ ಬೀರು ಅದು!”

“ಅಜ್ಜಿ ಹೋಗಿ ಯಾವ ಕಾಲ ಆಯ್ತು. ಇವತ್ತು ಹೋಗ್ಬೇಕಾದವರು ಒಳಗಿದ್ದಾರೆ. ನೆಟ್ಟಗೆ ಮಲಗಿಕೊಂಡೇ ಹೋಗ್ತಾರೆ.”

*

ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆಯಲ್ಲಿ ಆಕೆಯ ಗಂಡನಿಗೆ ಕೆಲಸವಿತ್ತು. ಕೊಡೆಗಳು, ಒಂಟಿ ಚಪ್ಪಲಿಗಳು, ಒಮ್ಮೆ ಒಂದು ಹಲ್ಲುಸೆಟ್ಟು. “ಹಲ್ಲು ಬಿಟ್ಟುಹೋದವನಿಗೆ ಊಟಕ್ಕೆ ಕೂತಾಗಲಾದ್ರೂ ನೆನಪಾಗಬೇಡ್ವೇನೇ?” ಎಂದು ಮನೆಗೆ ಬಂದು ನಗುತ್ತಿದ್ದ. ಒಂದು ದಿನ ಮಾತ್ರ ನಗದೆ ಬಂದ. ಮಗುವಿನ ಉಣ್ಣೆ ಅಂಗಿಯೊಂದು ಚಳಿಗಾಲವಿಡೀ ಅಲ್ಲೇ ಬಿದ್ದಿದ್ದು, ತೆಗೆದು ನೋಡಿದರೆ ನುಸಿ ತಿಂದು ಜಾಲರಿಯಾಗಿತ್ತಂತೆ. “ಎಷ್ಟು ಮಕ್ಕಳಿಗೆ ಆಗ್ತಿತ್ತು ಅದು. ಚಳಿ ಬರೋ ಮುಂಚೆ ಕೊಟ್ಟಿದ್ರೆ ತಾನೆ ಕೊಟ್ಟ ಹಾಗೆ?” ಮನೆಯಲ್ಲಿ ಮೊದಲ ರಾಶಿ ಬಿದ್ದದ್ದು ಆ ವರ್ಷ.

ಆಕೆಯದು ತದ್ವಿರುದ್ಧ. ಏನೂ ಇಲ್ಲದ ಮನೆಯಲ್ಲಿ ಬೆಳೆದವಳಿಗೆ ಹರಕು ಚೀಲ ಎಸೆಯಲೂ ಮನಸ್ಸು ಬಾರದು. ಹೊರಗಿಟ್ಟ ರಾಶಿ ಬೆಳಗಾಗುವಷ್ಟರಲ್ಲಿ ಒಂದಿಷ್ಟು ಕರಗಿರುತ್ತಿತ್ತು.

“ಇಲಿ ಬಂದಿತ್ತು ಕಣೇ,” ಎನ್ನುತ್ತಿದ್ದ ಅವನು, ಕಾಫಿ ಲೋಟ ಹಿಡಿದು ರಾಶಿಯ ಮುಂದೆ ನಿಂತು. “ಬಾಣಲೆ ಹೊತ್ಕೊಂಡು ಹೋಗಿದೆ ಅಂದ್ರೆ ಭಾರಿ ಇಲೀನೇ.”

“ಬೋನು ಇಡಿ ಹಾಗಾದ್ರೆ.”

“ಬೇಡ ಬಿಡು. ಸಾಕಿದ ಇಲಿ.”

ಬೀರುವಿನ ಬೀಗದ ಕೈಯನ್ನು ಅವನು ಒಂದು ದಿನವೂ ಕೇಳಿದವನಲ್ಲ.

*

ಮಗಳು ಬೀರುವಿನ ಬಾಗಿಲು ತೆರೆದದ್ದೇ ತಡ, ಒಳಗಿದ್ದದ್ದು ಮೈಮೇಲೆ ಸುರಿಯಿತು. ಹಿಡಿ ಮುರಿದ ಬಾಣಲೆ, ಪಾತ್ರೆಯಿಲ್ಲದ ಮುಚ್ಚಳಗಳು, ಮಗಳ ಶಾಲೆಯ ಚೀಲಗಳು, ಒಂದೂ ನಡೆಯದ ಗಡಿಯಾರಗಳು. ಸಾವಿಗೆ ಬಂದವರು ಅಳುವುದನ್ನು ಮರೆತು ನೋಡುತ್ತ ನಿಂತರು. ಆಕೆಗೆ ನಾಚಿಕೆಯಿಂದ ಮುಖವೆಲ್ಲ ಬೆಂಕಿಯಾಯಿತು.

ನಾದಿನಿ ಒಂದು ಫ್ಲಾಸ್ಕ್ ಎತ್ತಿಕೊಂಡಳು. “ಅತ್ತಿಗೆ, ಇದು ನಾನು ಕೊಟ್ಟಿದ್ದಲ್ವಾ? ಒಡೆದುಹೋಯ್ತು ಅಂದಿದ್ರಿ!”

“ಒಡೆದೇ ಇದೆ. ಅಲ್ಲಾಡಿಸಿ ನೋಡು.”

ನಾದಿನಿ ಅಲ್ಲಾಡಿಸಿದಳು. ಒಳಗೆ ಗಾಜಿನ ಚೂರು ಗಲಗಲ ಎಂದಿತು. ಯಾರೋ ಕಿಸಕ್ಕನೆ ನಕ್ಕರು. ನಾದಿನಿಯೂ ನಕ್ಕಳು, ನಗುತ್ತಲೇ ಅಣ್ಣನಿಗಾಗಿ ಬಿಕ್ಕಿಬಿಕ್ಕಿ ಅತ್ತಳು.

ಆಕೆ ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತಳು. “ಇದು ಎಸೆಯೋದಕ್ಕೆ. ಇದೂ. ಈ ಚೀಲ ಗಟ್ಟಿಯಾಗಿದೆ, ಕೊಡೋದಕ್ಕೆ.” ಕೆಳಗಿನ ಅರೆಯಲ್ಲಿ ಗಂಡನ ನಿಲ್ದಾಣದ ಕೋಟು ಸಿಕ್ಕಿತು. ನಿವೃತ್ತಿಯಾದ ವರ್ಷ ಅವನೇ ರಾಶಿಗೆ ಹಾಕಿದ್ದನ್ನು ಆಕೆ ಎತ್ತಿ ತಂದಿದ್ದಳು. ಅದರ ಗುಂಡಿ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. “ಅದನ್ನಾದ್ರೂ ಇಟ್ಕೋಮ್ಮ,” ಅಂದಳು ಮಗಳು. ಆಕೆ ಕೋಟನ್ನು ಕೊಡುವ ರಾಶಿಯ ಮೇಲಿಟ್ಟು, ಜಾರದ ಹಾಗೆ ಎರಡೂ ಕೈಯಿಂದ ಒತ್ತಿದಳು.

ಸುತ್ತಿಗೆಯ ಮೊದಲ ಏಟು ಆಕೆಯದೇ. ಮರಕ್ಕೆ ಬರೀ ತಗ್ಗು ಬಿತ್ತು. ಇನ್ನೊಂದು ಏಟಿಗೆ ಬದಿಯ ಹಲಗೆ ಸೀಳಿತು. ಅಲ್ಲಿಂದ ಮುಂದೆ ಮೈದುನ ಗರಗಸ ಹಿಡಿದ. ಶವದ ಗಾಡಿ ಬಂದು ನಿಲ್ಲುವ ಹೊತ್ತಿಗೆ ಬಾಗಿಲು ತೆರವಾಗಿತ್ತು. ನಾಲ್ವರು ಅವನನ್ನು ಹೊತ್ತು ನಡೆದರು. ಎಲ್ಲೂ ಓರೆಯಾಗದೆ, ಯಾವ ಗೋಡೆಗೂ ತಾಗದೆ ಅವನು ಹೊರಟ.

ಮಣ್ಣು ಮಾಡಿ ಬಂದವರು ಹೊರಡಲು ಎದ್ದಾಗ ಆಕೆ ಬಾಗಿಲಿಗೆ ಬಂದು ನಿಂತಳು.

“ಬರಿಗೈಲಿ ಯಾರೂ ಹೋಗಬೇಡಿ. ಕೊಡೋ ರಾಶಿ ಅಲ್ಲಿದೆ.”

“ಇವತ್ತೇ ಆಗ್ಬೇಕಾ ಅತ್ತಿಗೆ?” ಎಂದಳು ನಾದಿನಿ.

“ಇವತ್ತೇ. ನಾಳೆ ಅಂದ್ರೆ ಅರ್ಧ ವಾಪಸ್ ಒಳಗೆ ಹೋಗಿರುತ್ತೆ. ನನ್ನ ಬುದ್ಧಿ ನಂಗೆ ಗೊತ್ತಿಲ್ವಾ?”

ಮೊದಲು ಯಾರೂ ಮುಂದೆ ಬರಲಿಲ್ಲ. ಗಂಡನ ಹಳೆಯ ಗೆಳೆಯ, ನಿವೃತ್ತ ಬಸ್ ಡ್ರೈವರು ಆಮೇಲೆ ಮುಂದೆ ಹೋಗಿ, ರಾಶಿಯ ಬುಡದಲ್ಲಿದ್ದ ಮರದ ಕುರ್ಚಿಯನ್ನು ಎಳೆದುಕೊಂಡ. “ನನ್ನ ಹೆಂಡತಿಗೆ ಮಂಡಿನೋವು ತಾಯಿ. ಇದು ಬೇಕೇ ಬೇಕಿತ್ತು.” ಅವನ ಹಿಂದೆ ಒಬ್ಬೊಬ್ಬರಾಗಿ ಬಂದರು.

ಎದುರಿನ ರಸ್ತೆಯ ಬಸ್ ಸ್ಟಾಪಿನಲ್ಲಿ, ಹಳದಿ ಎಲೆಗಳ ನಡುವೆ ಅವರೆಲ್ಲ ನಿಂತರು. ಒಬ್ಬಳ ಕಂಕುಳಲ್ಲಿ ದೀಪ, ಒಬ್ಬನ ಹೆಗಲ ಮೇಲೆ ಕಂಬಳಿ. ಡ್ರೈವರು ಕುರ್ಚಿ ಹಾಕಿಕೊಂಡು ಕೂತಿದ್ದ. ಬಸ್ಸು ಬಂತು. ಜನರಿಗಿಂತ ಮೊದಲು ಸಾಮಾನುಗಳು ಹತ್ತಿದವು. ಒಳಗಿನ ಕೈಗಳು ಒಂದೊಂದನ್ನೇ ಎಳೆದುಕೊಂಡವು. ಎಲ್ಲಕ್ಕಿಂತ ಕೊನೆಗೆ ಕುರ್ಚಿ, ಕಾಲುಗಳನ್ನು ಆಕಾಶಕ್ಕೆ ಚಾಚಿಕೊಂಡು, ಬಾಗಿಲಲ್ಲಿ ಒಂದು ಗಳಿಗೆ ಸಿಕ್ಕಿಕೊಂಡು, ಒಳಗೆ ಹೋಯಿತು.